ಎಡಗಡೆ ಮಲಯಾಳಂ, ಬಲಗಡೆ ಕನ್ನಡ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಮಾಡುವವರಿಗೆ ಈ ಕೆಲಸ ಗೊತ್ತಿರುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಮಲಯಾಳಂ ವರ್ಕ್‌ಶೀಟ್ ಎಡಗಡೆ, ಕನ್ನಡಕ್ಕೆ ಮಾಡುತ್ತಿರುವುದು ಬಲಗಡೆ. ಎರಡೂ ತೆರೆದಿರುವುದು ಲಿಬ್ರೆಆಫೀಸ್ ರೈಟರ್ ಎಂಬ ಬರವಣಿಗೆ ಆ್ಯಪಿನಲ್ಲಿ. ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಒತ್ತಿದರೆ ತೆರೆದ ವಿಂಡೋಗಳೆಲ್ಲ ಕುಗ್ಗಿ ಒಟ್ಟಿಗೆ ಕಾಣುತ್ತವೆ. ಅಷ್ಟು ಚಿಕ್ಕದಾದ ಮೇಲೆ ಎರಡು ಲಿಪಿಯೂ ದುಂಡು ದುಂಡೇ. ಯಾವುದು ಯಾವುದು ಅಂತ ಹೇಳುವುದು ಜಾಗ ಮಾತ್ರ.

ಆ ಜಾಗದ್ದೇ ತಕರಾರು.

ವಿಂಡೋಸ್ 95ರ ಟಾಸ್ಕ್‌ಬಾರ್ ತೆರೆದ ವಿಂಡೋಗಳ ಹೆಸರು ತೋರಿಸಿತು, ಮುಖ ತೋರಿಸಲಿಲ್ಲ. ಮುಖ ತೋರಿಸಿದ್ದು 2003ರಲ್ಲಿ ಆಪಲ್‌ನ ಎಕ್ಸ್‌ಪೋಸೇ. ಎಫ್9 ಒತ್ತಿದರೆ ದೊಡ್ಡ ವಿಂಡೋ ದೊಡ್ಡದಾಗಿಯೇ, ಹೆಚ್ಚುಕಮ್ಮಿ ಇದ್ದ ಕಡೆಯೇ ಉಳಿಯುತ್ತಿತ್ತು. 2009ರಲ್ಲಿ ಅದನ್ನು ಸಾಲುಸಾಲು ಚೌಕಗಳಾಗಿ ಮಾಡಿದರು. ಅದರ ಜಾಗಕ್ಕೆ ಬಂದ 2011ರ ಮಿಷನ್ ಕಂಟ್ರೋಲ್ ಒಂದೇ ಆ್ಯಪಿನ ವಿಂಡೋಗಳನ್ನು ಕಟ್ಟು ಕಟ್ಟಿತು. ಮರುವರ್ಷ ಕಟ್ಟು ಬಿಚ್ಚುವ ಆಯ್ಕೆ ಬಂತು. ಈ ನಡುವೆ ವಿಂಡೋಸ್ ವಿಸ್ಟಾ ಇಸ್ಪೀಟು ಎಲೆಗಳ ಹಾಗೆ ಓರೆಯಾಗಿ ಜೋಡಿಸಿ ತೋರಿಸಿತು. ನೋಡಲಿಕ್ಕೆ ಚಂದ, ಅಷ್ಟೇ.

ನಾನು ದಿನಾ ಬಳಸುವುದು ಲಿನಕ್ಸ್‌ನ ಗ್ನೋಮ್ ಎಂಬ ಡೆಸ್ಕ್‌ಟಾಪ್. 2011ರ ಗ್ನೋಮ್ 3ರಿಂದ ಈ ನೋಟವೇ ಅದರ ಹೃದಯ. ಅದು ಲೆಕ್ಕ ಹಾಕುವ ರೀತಿ ಹೀಗೆ: ವಿಂಡೋಗಳನ್ನು ಒಂದು ಸಾಲಿನಲ್ಲಿಟ್ಟರೆ ಎಷ್ಟು ದೊಡ್ಡದಾಗಿ ಕಾಣುತ್ತವೆ, ಎರಡು ಸಾಲಾದರೆ ಎಷ್ಟು, ಪರದೆ ಎಷ್ಟು ತುಂಬುತ್ತದೆ? ಒಳ್ಳೆಯದು ಸಿಗುವವರೆಗೆ ಸಾಲು ಹೆಚ್ಚಿಸುತ್ತದೆ. ಮೇಲೆ ಇದ್ದದ್ದು ಮೇಲಿನ ಸಾಲಿಗೆ, ಸಾಲಿನೊಳಗೆ ಎಡದಿಂದ ಬಲಕ್ಕೆ. ಅಂದರೆ ಜಾಗಕ್ಕೂ ಬೆಲೆ ಇದೆ, ಆದರೆ ಪರದೆ ತುಂಬುವ ಲೆಕ್ಕ ಮುಗಿದ ಮೇಲೆ. ವರ್ಕ್‌ಶೀಟಿನ ಚಿತ್ರ ಹುಡುಕಲು ಬ್ರೌಸರ್, ಫೋಲ್ಡರ್ ತೆರೆದೆನೋ, ಸಾಲಿನ ಲೆಕ್ಕ ಬದಲು. ಎಡಗಡೆ ಇದ್ದ ಮಲಯಾಳಂ ಕೆಳಗೆಲ್ಲೋ ಕೂತಿರುತ್ತದೆ.

2021ರ ಗ್ನೋಮ್ 40 ಪ್ರತಿ ವಿಂಡೋದ ಕೆಳಗೆ ಆ್ಯಪಿನ ಐಕಾನ್ ಅಂಟಿಸಿತು. ಎರಡೂ ರೈಟರ್ ಆದರೆ ಎರಡಕ್ಕೂ ಒಂದೇ ಐಕಾನ್, ಅಲ್ವಾ? ಫೈಲಿನ ಹೆಸರು ಬೇಕಿದ್ದರೆ ಮೌಸ್ ಮೇಲಿಡಬೇಕು.

ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ ಹಿಂದೆ ಜೋಡಣೆಯನ್ನು ನಮಗೇ ಬಿಟ್ಟಿತ್ತು. ಚೌಕಗಳ ಜೋಡಣೆಯೂ ಇತ್ತು, ಒಂದರ ಮೇಲೊಂದು ಬಿದ್ದ ವಿಂಡೋಗಳು ಪರಸ್ಪರ ತಳ್ಳಿಕೊಂಡು ಸರಿಯುವ ಜೋಡಣೆಯೂ ಇತ್ತು. ಎರಡನೆಯದು ಅಚ್ಚುಕಟ್ಟಲ್ಲ. ಬಸ್ಸಿನಲ್ಲಿ ಸ್ವಲ್ಪ ಸರಿದು ಕೂತ ಹಾಗೆ. ಆದರೆ ಕಿಟಕಿ ಪಕ್ಕ ಕೂತವರು ಕಿಟಕಿ ಪಕ್ಕವೇ ಇರುತ್ತಾರೆ.

ಸದ್ಯಕ್ಕೆ ಕನ್ನಡ ಪುಟಕ್ಕೆ ತಿಳಿ ಹಳದಿ ಬಣ್ಣ ಹಾಕಿಟ್ಟಿದ್ದೇನೆ. ಪ್ರಿಂಟ್ ಕೊಡುವ ಮೊದಲು ತೆಗೆಯಬೇಕು. ಹೋದ ವಾರ ಮರೆತೆ. ಮಕ್ಕಳಿಗೆ ಹಳದಿ ವರ್ಕ್‌ಶೀಟೇ ಇಷ್ಟವಾಯಿತು.