ಎಂ.ಟಿಎಚ್. ಮುಗಿಸಿದರೆ ಪಾದ್ರಿಯಾಗುತ್ತೇನೆಯೇ?

ಪ್ರಶ್ನೆ: ನಾನು ಬಿ.ಕಾಂ. ಪದವೀಧರ. ಸೇವೆಗೆ ಬರಬೇಕೆಂಬ ಆಸೆಯಿದೆ. ನೇರವಾಗಿ ಎಂ.ಟಿಎಚ್. (ಕ್ರೈಸ್ತ ದೈವಶಾಸ್ತ್ರದ ಸ್ನಾತಕೋತ್ತರ ಪದವಿ) ಸೇರಿ, ಮುಗಿದ ಕೂಡಲೇ ಸಭಾಪಾಲಕನಾಗಬಹುದೇ?

ಪದವಿ ಫಲಿತಾಂಶ ಬಂದಾಗಲೆಲ್ಲ ಈ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಬಿ.ಕಾಂ. ಜಾಗದಲ್ಲಿ ಒಮ್ಮೆ ಬಿ.ಎಸ್ಸಿ. ಇರುತ್ತದೆ, ಅಷ್ಟೇ ವ್ಯತ್ಯಾಸ.

ಮೊದಲರ್ಧಕ್ಕೆ ಉತ್ತರ ಚಿಕ್ಕದು: ಆಗುವುದಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಾಗಲಿ, ಮಂಗಳೂರು ಬಲ್ಮಠದ ಕಾಲೇಜಾಗಲಿ ದೈವಶಾಸ್ತ್ರ ಕಾಲೇಜುಗಳಿಗೆ ವಿಶ್ವವಿದ್ಯಾಲಯದಂತಿರುವ ಸೆರಾಂಪುರ ಸೆನೆಟ್‌ಗೆ ಸೇರಿದವು. ಆ ಪದ್ಧತಿಯಲ್ಲಿ ಮೊದಲು ಬಿ.ಡಿ. ಎಂಬ ದೈವಶಾಸ್ತ್ರದ ಪದವಿ, ಅದರ ಮೇಲೆ ಎರಡು ವರ್ಷದ ಎಂ.ಟಿಎಚ್. ಯಾವುದೇ ಪದವಿಯ ಮೇಲೆ ಮೂರು ವರ್ಷ ಓದುವ, ಸಭಾಸೇವೆಗೆ ತಯಾರು ಮಾಡುವ ಎಂ.ಡಿವ್. ಪದವಿ ಕೊಡುವ ಸಂಸ್ಥೆಗಳು ಬೇರೆ ಇವೆ. ನಿಮ್ಮ ಸಭೆ ಯಾವುದನ್ನು ಒಪ್ಪುತ್ತದೆ ಎಂದು ಶುಲ್ಕ ಕಟ್ಟುವ ಮೊದಲೇ ಕೇಳಿಕೊಳ್ಳಿ.

ತಲೆನೋವು ಇರುವುದು ಎರಡನೆಯ ಅರ್ಧದಲ್ಲಿ. ಪದವಿ ಕೊಡುವುದು ಕಾಲೇಜು. ದೀಕ್ಷೆ, ಎಂದರೆ ಪಾದ್ರಿಯಾಗುವ ಅಧಿಕಾರ, ಕೊಡುವುದು ಸಭೆ. ಎಷ್ಟು ಸಲ ಹೇಳಿದರೂ ಇವೆರಡನ್ನೂ ಒಂದೇ ಗಂಟಿಗೆ ಕಟ್ಟುವವರು ಕಡಿಮೆಯಾಗಿಲ್ಲ. ಸಂಸ್ಕೃತ ಎಂ.ಎ. ಮಾಡಿದವರನ್ನೆಲ್ಲ ಗರ್ಭಗುಡಿಯೊಳಗೆ ಬಿಡುತ್ತಾರೆಯೇ? ಕಥೋಲಿಕ ಸಭೆಯನ್ನೇ ನೋಡಿ. ದೈವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಸಿಸ್ಟರ್‌ಗಳಿದ್ದಾರೆ, ಭಾವೀ ಗುರುಗಳಿಗೆ ಪಾಠ ಹೇಳುವವರೂ ಇದ್ದಾರೆ. ಆದರೆ ಅವರು ಬಲಿಪೂಜೆ ಅರ್ಪಿಸುವಂತಿಲ್ಲ. ಪದವಿಯೇ ಪಾದ್ರಿಯನ್ನು ಮಾಡುವುದಾಗಿದ್ದರೆ ಹೀಗಿರುತ್ತಿತ್ತೇ? ಮಹಿಳೆಯರಿಗೆ ದೀಕ್ಷೆ ಕೊಡುವ ಪ್ರೊಟೆಸ್ಟಂಟ್ ಸಭೆಯಾದ ಸಿ.ಎಸ್.ಐ.ಯಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪರಾದರು. ವ್ಯತ್ಯಾಸ ಪಠ್ಯಕ್ರಮದ್ದಲ್ಲ, ಸಭೆಯ ನಿರ್ಧಾರದ್ದು.

ಸಿ.ಎಸ್.ಐ.ಯಲ್ಲಿ ಸಾಮಾನ್ಯವಾಗಿ ನಡೆಯುವ ಕ್ರಮವೇ ತಿರುಗುಮುರುಗು. ಸ್ಥಳೀಯ ಸಭೆ ಶಿಫಾರಸು ಮಾಡಬೇಕು, ಸಭಾಪ್ರಾಂತ (ಬಿಷಪರ ಆಡಳಿತ ವಲಯ) ಆರಿಸಿ ಓದಲು ಕಳುಹಿಸಬೇಕು. ಓದು ಮುಗಿದ ಮೇಲೆ ಕೆಲಕಾಲ ಹಿರಿಯರ ಕೈಕೆಳಗೆ ದುಡಿಮೆ. ಆಮೇಲೆ ಬಿಷಪರು ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡುವ ಹಸ್ತಾರ್ಪಣ: ಮೊದಲು ಸಹಾಯಕ ಸೇವಕನಾದ ಡೀಕನ್, ನಂತರ ಪೂರ್ಣ ಪಾದ್ರಿಯಾದ ಪ್ರೆಸ್ಬಿಟರ್. ಈ ದಾರಿಯಲ್ಲಿ ಎಂ.ಟಿಎಚ್. ಎಲ್ಲೂ ಕಡ್ಡಾಯವಲ್ಲ. ಹತ್ತು ವರ್ಷ ಸಭೆ ನೋಡಿಕೊಂಡ ಮೇಲೆ ಹಳೆಯ ಒಡಂಬಡಿಕೆಯನ್ನೋ ಆಪ್ತಸಮಾಲೋಚನೆಯನ್ನೋ ಆಳವಾಗಿ ಓದಬೇಕೆನಿಸಿ ಸೇರುವವರಿದ್ದಾರೆ. ತರಗತಿಯಲ್ಲಿ ಒಳ್ಳೆಯ ಪ್ರಶ್ನೆ ಕೇಳುವವರೂ ಅವರೇ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಓದಿದ್ದನ್ನು ಯಾವ ಭಾಷೆಯಲ್ಲಿ ಹೇಳುತ್ತೀರಿ? ಪ್ರಬಂಧ ಬರೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಮೂಲಗ್ರಂಥ ಇರುವುದು ಹೀಬ್ರೂ, ಗ್ರೀಕಿನಲ್ಲಿ, ಭಾನುವಾರ ಎದುರಿಗೆ ಕೂರುವವರು ಗದಗಿನವರು. ಭಾಷೆಗೆ ಎಷ್ಟು ದುಡಿಯಬೇಕೆಂದು ಕಿಟೆಲ್ ಅವರನ್ನು ನೋಡಿ: ಜರ್ಮನಿಯಿಂದ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಬಂದರು, ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದದ್ದು ಅದಾದ ಮೇಲೆ.

ಯೋಹಾನನ ಸುವಾರ್ತೆಯ ಮೊದಲ ಮಾತನ್ನೇ ತೆಗೆದುಕೊಳ್ಳಿ. ಗ್ರೀಕಿನ 'ಲೋಗೊಸ್' ನಮ್ಮ ಹಳೆಯ ಬೈಬಲಿನಲ್ಲಿ 'ವಾಕ್ಯ'ವಾಗಿದೆ: ಆದಿಯಲ್ಲಿ ವಾಕ್ಯವಿತ್ತು. ಮುಂದಿನ ಸಾಲಿನಲ್ಲಿ ಕೂತ ಏಳನೆಯ ತರಗತಿಯ ಹುಡುಗಿಗೆ ವಾಕ್ಯವೆಂದರೆ ಕರ್ತೃ, ಕರ್ಮ, ಕ್ರಿಯಾಪದ. ಅವಳಿಗೆ ಅರ್ಥವಾಗುವಂತೆ ಇದನ್ನು ಬಿಡಿಸಿ ಹೇಳಲು ಎಷ್ಟು ಹೊತ್ತು ಬೇಕು, ಮನೆಯಲ್ಲೊಮ್ಮೆ ಪ್ರಯತ್ನಿಸಿ ನೋಡಿ. ಅರ್ಜಿ ನಮೂನೆಯನ್ನು ಆಮೇಲೆ ತರಿಸಿಕೊಳ್ಳಬಹುದು.