ಮೈಸೂರ್ ಪಾಕ್ ಸಪ್ಪೆಯಾದ ಎತ್ತರ

ಲಂಡನ್ನಿಗೆ ಹೊರಟಾಗ ಮುಂಬೈಯ ಮಾಟುಂಗಾದ ಅಕ್ಕ ಎರಡು ಡಬ್ಬಿ ಕಟ್ಟಿಕೊಟ್ಟಳು. ಒಂದರಲ್ಲಿ ಪುಳಿಯೋಗರೆ, ಇನ್ನೊಂದರಲ್ಲಿ ಮೈಸೂರ್ ಪಾಕ್. "ಈ ಸಲ ಬಿಸಿನೆಸ್ ಕ್ಲಾಸ್ ಅಕ್ಕ, ಊಟ ಅವರೇ ಕೊಡ್ತಾರೆ" ಅಂದರೂ ಕೇಳಲಿಲ್ಲ. ಸಹಾರ್ ವಿಮಾನ ನಿಲ್ದಾಣದಲ್ಲಿ ಕೂತು ಎರಡರದ್ದೂ ರುಚಿ ನೋಡಿದೆ. ಎರಡೂ ಸೊಗಸಾಗಿದ್ದವು. ಮೂರ್ನಾಲ್ಕು ಗಂಟೆಯ ಮೇಲೆ, ಆಕಾಶದಲ್ಲಿ ಕಾಲು ಚಾಚಿಕೊಂಡು ಮತ್ತೆ ಡಬ್ಬಿ ತೆಗೆದೆ. ಪುಳಿಯೋಗರೆ ಹಾಗೇ ಇತ್ತು. ಮೈಸೂರ್ ಪಾಕ್ ಮಾತ್ರ ಸುಮ್ನೆ ಕಡಲೆಹಿಟ್ಟು ತಿಂದ ಹಾಗಾಯಿತು.

ಜಾಸ್ತಿ ದುಡ್ಡು ಕೊಟ್ಟರೆ ಹಾಸಿಗೆ ಸಿಗುತ್ತದೆ, ಪಿಂಗಾಣಿ ತಟ್ಟೆ ಸಿಗುತ್ತದೆ. ಗಾಳಿ ಮಾತ್ರ ಹಿಂದಿನ ಸಾಲಿನವರಿಗೂ ನಮಗೂ ಒಂದೇ. ಹಳೆಯ ವಿಮಾನಗಳ ಒಳಗೆ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯಬಹುದು. ಅಂದರೆ ಊಟಿಗಿಂತ ಸ್ವಲ್ಪ ಮೇಲೆ. ಬೋಯಿಂಗ್ 787, ಏರ್‌ಬಸ್ ಎ350 ವಿಮಾನಗಳಲ್ಲಿ ಅದು 6,000 ಅಡಿಯ ಆಸುಪಾಸು, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿ. ಜೊತೆಗೆ ಒಣಹವೆ. ಮಳೆಗಾಲದ ಮುಂಬೈಯಲ್ಲಿ ತೇವಾಂಶ ಶೇ. 80 ದಾಟಿರುತ್ತದೆ, ವಿಮಾನದೊಳಗೆ ಹಲವು ಸಲ ಶೇ. 20ಕ್ಕಿಂತಲೂ ಕಡಿಮೆ. ಮೂಗು ಒಣಗಿದರೆ ವಾಸನೆ ಸರಿಯಾಗಿ ಹತ್ತುವುದಿಲ್ಲ. ನೆಗಡಿ ಬಂದಾಗ ಊಟ ರುಚಿಸುವುದಿಲ್ಲವಲ್ಲ, ಹಾಗೆ. ತುಪ್ಪದ ಘಮ ಹೋದ ಮೇಲೆ ಮೈಸೂರ್ ಪಾಕಿನಲ್ಲಿ ಇನ್ನೇನು ಉಳಿಯಿತು?

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾ ಕಂಪನಿಗಾಗಿ ಇದನ್ನು ನೆಲದ ಮೇಲೇ ಪರೀಕ್ಷಿಸಿದರು. ಒತ್ತಡ ಇಳಿಸಬಹುದಾದ ದೊಡ್ಡ ಕೊಳವೆಯೊಳಗೆ ನಿಜವಾದ ಏರ್‌ಬಸ್ ವಿಮಾನದ ಮುಂಭಾಗವನ್ನೇ ಇಟ್ಟು, ಜನರನ್ನು ಕೂರಿಸಿ ಊಟ ಬಡಿಸಿದರು. ಉಪ್ಪು, ಸಿಹಿ ಎರಡೂ ನಾಲಿಗೆಗೆ ಮಂಕಾದವು. ಹುಳಿ ಹೆಚ್ಚೇನೂ ಬದಲಾಗಲಿಲ್ಲ. ಹುಣಸೆಹಣ್ಣಿನ ಗೊಜ್ಜು ಗೆದ್ದದ್ದು ಹೀಗೆ.

ಆದರೆ ನನಗೆ ಹೆಚ್ಚು ಮಜಾ ಅನಿಸಿದ್ದು ಕಿವಿಯ ಕಥೆ. ನಾಲಿಗೆಯ ಮುಂಭಾಗದ ರುಚಿಯನ್ನು ಮಿದುಳಿಗೆ ಒಯ್ಯುವ ನರ ಕಿವಿತಮಟೆಯ ಪಕ್ಕದಲ್ಲೇ ಹಾದುಹೋಗುತ್ತದೆ! 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕೆಲವರಿಗೆ 85 ಡೆಸಿಬೆಲ್‌ನಷ್ಟು ವಿಮಾನದ ಗದ್ದಲ ಕೇಳಿಸುತ್ತಾ ರುಚಿ ತೋರಿಸಿದರು. ಸಿಹಿ ಕುಗ್ಗಿತು, ಉಮಾಮಿ ಹೆಚ್ಚಿತು. ಸದ್ದು ಆ ನರವನ್ನೇ ಕೆಣಕುತ್ತದೆ ಎಂಬುದು ಒಂದು ಊಹೆ. ಉಮಾಮಿ ಎಂದರೆ ಹಣ್ಣಾದ ಟೊಮ್ಯಾಟೊದಲ್ಲಿ, ಅಣಬೆಯಲ್ಲಿ ಸಿಗುವ ರುಚಿ. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಇಕೆಡಾ ಅದರ ಮೂಲ ಗ್ಲುಟಮೇಟ್ ಎಂಬ ರಾಸಾಯನಿಕ ಎಂದು ಕಂಡುಹಿಡಿದರು. ನೆಲದ ಮೇಲೆ ಟೊಮ್ಯಾಟೊ ಜ್ಯೂಸ್ ಮುಟ್ಟದವರೂ ವಿಮಾನದಲ್ಲಿ ಕೇಳಿ ಕುಡಿಯುತ್ತಾರಂತೆ. ಹಾಗಿದ್ದರೆ ಬಿಸಿ ಟೊಮ್ಯಾಟೊ ಸಾರು ಯಾಕೆ ಕೊಡಬಾರದು, ಅಲ್ವಾ?

ಕಾಫಿಯ ವಿಷಯ ಬೇಡ. ಊಟಿಯ ಎತ್ತರದಲ್ಲಿ ನೀರು 92-93 ಡಿಗ್ರಿಗೇ ಕುದಿಯುತ್ತದೆ. ಘಮ ಇಲ್ಲ, ಸಿಹಿ ಇಲ್ಲ, ಉಳಿಯುವುದು ಕಹಿ.

ಲಂಡನ್ನಿನಲ್ಲಿ ಇಳಿದು, ಸ್ನಾನ ಮಾಡಿ, ಉಳಿದ ಒಂದು ತುಂಡು ಬಾಯಿಗಿಟ್ಟೆ. ತುಪ್ಪ ವಾಪಸ್ ಬಂದಿತ್ತು. ಅಕ್ಕನಿಗೆ ಫೋನ್ ಮಾಡಿ ಇಷ್ಟೆಲ್ಲ ವಿವರಿಸಿದೆ. ಅವಳು ಕೇಳಿದ್ದು ಒಂದೇ: "ಡಬ್ಬಿ ವಾಪಸ್ ತರ್ತೀಯ ತಾನೇ?"