ಹಾಲುಕ್ಕಿಸುವುದು ಒಂದೇ ಸಲ

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಎಷ್ಟು ಬಾಕ್ಸ್ ಬಂತು, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಅಷ್ಟೇ. ಒಳಗಿರುವುದು ಮೈಎಸ್‌ಕ್ಯೂಎಲ್ ಡೇಟಾಬೇಸ್. ಅದು ಓಡುವುದು ಡಾಕರ್ ಕಂಟೇನರ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಬೇರೆಯಾಗಿಟ್ಟ ಪೆಟ್ಟಿಗೆಯಂಥ ಜಾಗದಲ್ಲಿ.

ಒಂದು ದಿನ ಮಾಲೀಕರ ಫೋನ್. "ನಮ್ ಹುಡುಗ ಬೆಂಗಳೂರಿಂದ್ಲೇ ಲೆಕ್ಕ ನೋಡ್ಬೇಕಂತೆ ಸಾರ್. ನೋಡ್ಲಿ, ಆದ್ರೆ ಏನೂ ಅಳಿಸ್ಬಾರ್ದು."

ಸುಲಭ ಅಲ್ವಾ? ವರದಿ ತೋರಿಸಲು ಇನ್ನೊಂದು ಕಂಟೇನರ್ ಇಟ್ಟೆ. ಡೇಟಾಬೇಸಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಹೊಸ ಬಳಕೆದಾರನ ಹೆಸರು, ಪಾಸ್‌ವರ್ಡ್ ಬರೆದೆ. ಹಳೇ ಕಂಟೇನರ್ ತೆಗೆದು ಹೊಸದು ಹುಟ್ಟಿಸಿದೆ. ಪ್ರವೇಶವಿಲ್ಲ ಎಂದಿತು. ಮೂರು ಸಲ ಮಾಡಿದರೂ ಅದೇ ಉತ್ತರ.

ತಪ್ಪು ನನ್ನದೇ. ಆ ಸೆಟ್ಟಿಂಗ್ಸ್ ಗೃಹಪ್ರವೇಶದ ದಿನ ಹಾಲುಕ್ಕಿಸಿದ ಹಾಗೆ. ಕಂಟೇನರ್ ಶುರುವಾದಾಗ ಒಂದು ಸ್ಕ್ರಿಪ್ಟ್ ಓಡುತ್ತದೆ. ಡೇಟಾ ಇಡುವ ಜಾಗ ಖಾಲಿ ಇದ್ದರೆ ಮಾತ್ರ ಅದು ಬಳಕೆದಾರರನ್ನು ಸೃಷ್ಟಿಸುತ್ತದೆ. ಹಳೇ ಡೇಟಾ ಕಂಡರೆ, ಇಲ್ಲಿ ಯಾರೋ ವಾಸವಿದ್ದಾರೆ ಅಂತ ಸುಮ್ನೆ ಮುಂದೆ ಹೋಗುತ್ತದೆ. ಬಳಕೆದಾರರ ಪಟ್ಟಿಯೂ ಡೇಟಾಬೇಸಿನೊಳಗಿನ ಒಂದು ಟೇಬಲ್ಲೇ. ಟೊಮೆಟೊ ಲೆಕ್ಕದ ಜೊತೆ ಅದೂ ಕಂಟೇನರಿನ ಹೊರಗೆ, ವಾಲ್ಯೂಮ್ ಎಂಬ ಕಾಯಂ ಜಾಗದಲ್ಲಿ ಉಳಿದಿರುತ್ತದೆ. ಕಂಟೇನರ್ ಹೋದರೂ ಪಟ್ಟಿ ಅಲುಗದು. ವಾಲ್ಯೂಮ್ ಅಳಿಸಿದರೆ ಹೊಸ ಹೆಸರು ಸೇರುತ್ತದೆ ನಿಜ. ಜೊತೆಗೆ ಇಡೀ ಸೀಸನ್ನಿನ ಲೆಕ್ಕವೂ ಹೋಗುತ್ತದೆ!

ಸರಿದಾರಿ ಬೇರೆ. ಓಡುತ್ತಿರುವ ಕಂಟೇನರಿನೊಳಗೆ 'ಡಾಕರ್ ಎಕ್ಸೆಕ್' ಮೂಲಕ ಹೋಗಿ, ಎಲ್ಲ ಹಕ್ಕಿರುವ 'ರೂಟ್' ಬಳಕೆದಾರನಾಗಿ ಲಾಗಿನ್ ಆಗಿ, 'ಕ್ರಿಯೇಟ್ ಯೂಸರ್' ಆದೇಶ ಕೊಡಬೇಕು. ಕೊಟ್ಟೆ. ಆದರೂ ವರದಿ ಬರಲಿಲ್ಲ.

ಇಲ್ಲಿ ಮೈಎಸ್‌ಕ್ಯೂಎಲ್‌ನ ಒಂದು ವಿಚಿತ್ರವಿದೆ. ಅದಕ್ಕೆ ಬರೀ ಹೆಸರು ಸಾಲದು, ಎಲ್ಲಿಂದ ಬಂದವರು ಅಂತಲೂ ಬೇಕು. ನಮ್ಮೂರಲ್ಲಿ ಕೇಳುವುದಿಲ್ಲವೇ, ಯಾವೂರು ಅಂತ? ನಾನು 'ಲೋಕಲ್‌ಹೋಸ್ಟ್' ಎಂದು ಬರೆದಿದ್ದೆ. ಅಂದರೆ ಅದೇ ಕಂಟೇನರಿನೊಳಗಿನವರು. ವರದಿಯ ಪ್ರೋಗ್ರಾಂ ಬರುತ್ತಿದ್ದುದು ಪಕ್ಕದ ಕಂಟೇನರಿಂದ, 172.18.0.3 ಎಂಬ ವಿಳಾಸದಿಂದ. ಡೇಟಾಬೇಸಿಗೆ ಅವನು ಪರವೂರಿನವನು. ಊರಿನ ಜಾಗದಲ್ಲಿ ಶೇಕಡಾ ಚಿಹ್ನೆ ಹಾಕಿದರೆ ಎಲ್ಲಿಂದಲಾದರೂ ಬರಬಹುದು. ಅದು ಜಾಸ್ತಿ ಆಯಿತು ಅನ್ನಿಸಿ '172.18.%' ಎಂದು ಬರೆದೆ, ಅಂದರೆ 172.18 ಎಂದು ಶುರುವಾಗುವ ವಿಳಾಸದವರು ಮಾತ್ರ.

ಕೊನೆಗೆ 'ಗ್ರಾಂಟ್', ಅಂದರೆ ಹಕ್ಕು ಕೊಡುವ ಆದೇಶ. ಅದರಲ್ಲಿ ಓದುವ ಹಕ್ಕು, ಅಂದರೆ 'ಸೆಲೆಕ್ಟ್' ಮಾತ್ರ ಕೊಟ್ಟೆ. ಪರೀಕ್ಷೆಗೆಂದು ಮಾಲೀಕರ ಮುಂದೆಯೇ ಒಂದು ಸಾಲು ಅಳಿಸಲು ಹೋದೆ. ಆಗಲ್ಲ ಎಂದಿತು. "ಹಂಗೇ ಇರ್ಲಿ ಬಿಡಿ" ಅಂತ ನಕ್ಕರು.